ನಾನು ಇಟ್ಟ ಚುಕ್ಕೆ

ನಕ್ಷತ್ರಗಳಲ್ಲಿ ಕೆಂಪು ಕುಬ್ಜ ಎಂದರೆ ಬಡಪಾಯಿ ಜಾತಿ. ಸೂರ್ಯನ ಅರ್ಧದಷ್ಟು ತೂಕವಿದ್ದರೆ ಹೆಚ್ಚು. ಬರಿಗಣ್ಣಿಗೆ ಒಂದೂ ಕಾಣುವುದಿಲ್ಲ. ನಾನು ಹೇಳಹೊರಟಿರುವ ಕೆಂಪು ಕುಬ್ಜಕ್ಕೆ ಹೆಸರು ಕೂಡ ಇಲ್ಲ, ಒಂದು ಪಟ್ಟಿಯಲ್ಲಿ ಉದ್ದದ ನಂಬರು ಮಾತ್ರ. ಅದರ ಪಕ್ಕದಲ್ಲಿ ಒಂದು ಚುಕ್ಕೆ ಉಂಟೋ ಇಲ್ಲವೋ ಎಂಬ ಪ್ರಶ್ನೆಯಲ್ಲಿ ನಾನು ಒಬ್ಬ ಹೆಂಗಸಿನ ಐದು ವರ್ಷದ ಕೆಲಸವನ್ನು ಮಣ್ಣುಪಾಲು ಮಾಡಿದೆ. ಬೇಕೆಂದು ಮಾಡಿದ್ದಲ್ಲ ಎಂದು ಹೇಳುವ ಮುಖ ನನಗಿಲ್ಲ, ಯಾಕೆಂದರೆ ಅರ್ಧವನ್ನು ಬೇಕೆಂದೇ ಮಾಡಿದ್ದೆ.

ನಮ್ಮ ಕಾಲೇಜು ಹಂಪನಕಟ್ಟೆಯಿಂದ ಹತ್ತು ನಿಮಿಷದ ದಾರಿ. ಅಲ್ಲಿ ದೊಡ್ಡ ದೂರದರ್ಶಕ ಇಲ್ಲ. ಇದ್ದರೂ ಮಂಗಳೂರಿನ ಮೋಡ, ಬಂದರಿನ ದೀಪಗಳ ನಡುವೆ ಅದರಿಂದ ಎಂತ ಕಾಣುತ್ತದೆ? ವಿದೇಶದ ಬೆಟ್ಟಗಳ ಮೇಲಿನ ದೂರದರ್ಶಕಗಳು ತೆಗೆದ ಚಿತ್ರಗಳನ್ನು ಸ್ವಲ್ಪ ಕಾಲದ ಮೇಲೆ ಎಲ್ಲರಿಗೂ ತೆರೆದಿಡುತ್ತಾರೆ. ಅವನ್ನು ಇಳಿಸಿಕೊಂಡು, ಅವರು ಬಿಟ್ಟದ್ದನ್ನು ಹೆಕ್ಕುವುದು ನಮ್ಮ ಕೆಲಸ. ಇದನ್ನು ಕೀಳೆಂದು ನಾನು ಯಾವತ್ತೂ ತಿಳಿದಿಲ್ಲ.

ಈ ನಕ್ಷತ್ರ ಎಳೆಯದು. ಅದರ ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿ ನೋಡಿದರೆ ಲಿಥಿಯಂ ಇನ್ನೂ ಉಳಿದಿರುವುದು ಕಾಣುತ್ತದೆ. ಕೆಂಪು ಕುಬ್ಜಗಳು ತಮ್ಮ ಲಿಥಿಯಂ ಅನ್ನು ಬೇಗ ಸುಟ್ಟು ಮುಗಿಸುತ್ತವೆ. ಇದರಲ್ಲಿ ಉಳಿದಿದೆ ಎಂದರೆ ಹುಟ್ಟಿ ಎರಡು ಮೂರು ಕೋಟಿ ವರ್ಷ ಆಗಿರಬಹುದು, ನಕ್ಷತ್ರದ ಲೆಕ್ಕದಲ್ಲಿ ಹಾಲುಗಲ್ಲದ ಮಗು. ಎಳೆಯದು ಎನ್ನುವುದು ನಮಗೆ ಅನುಕೂಲ. ಅದರ ಸುತ್ತ ಏನಾದರೂ ಸುತ್ತುತ್ತಿದ್ದರೆ, ಅದು ನಕ್ಷತ್ರವಾಗುವಷ್ಟು ತೂಕ ಇಲ್ಲದ ಸಂಗಾತಿಯಾಗಿದ್ದರೂ, ಹುಟ್ಟಿದ ಕಾವು ಆರಿರುವುದಿಲ್ಲ. ಕಣ್ಣಿಗೆ ಕಾಣದ ಆ ಕಾವು ಅತಿಗೆಂಪು ಕ್ಯಾಮೆರಾಕ್ಕೆ ಸಿಗುತ್ತದೆ.

ಕಷ್ಟ ಇರುವುದು ನಕ್ಷತ್ರದ ಪ್ರಭೆಯಲ್ಲಿ. ಸಂಗಾತಿಗಿಂತ ಸಾವಿರಾರು ಪಟ್ಟು ಬೆಳಕಿನ ಅದು ಪಕ್ಕದ್ದನ್ನೆಲ್ಲ ನುಂಗುತ್ತದೆ. ಅದಕ್ಕೆ ಒಂದು ಉಪಾಯ ಉಂಟು. ಕ್ಯಾಮೆರಾವನ್ನು ತಿರುಗಿಸದೆ ಬಿಟ್ಟು, ನಕ್ಷತ್ರ ನೆತ್ತಿ ದಾಟುವಾಗ ಸಾಲಾಗಿ ನೂರಾರು ಚಿತ್ರ ತೆಗೆಯುತ್ತಾರೆ. ಆಕಾಶ ನಿಧಾನ ತಿರುಗುವುದರಿಂದ ನಿಜವಾದ ಸಂಗಾತಿ ಒಂದು ಚಿತ್ರದಿಂದ ಇನ್ನೊಂದಕ್ಕೆ ಸರಿಯುತ್ತದೆ; ಮಸೂರ, ಕನ್ನಡಿಗಳಿಂದ ಹುಟ್ಟಿದ ಕಲೆಗಳು ಇದ್ದಲ್ಲೇ ಇರುತ್ತವೆ. ಇದ್ದಲ್ಲೇ ಇರುವುದನ್ನು ಕಳೆದು, ಉಳಿದದ್ದನ್ನು ಆಕಾಶ ತಿರುಗಿದಷ್ಟೇ ಹಿಂದಕ್ಕೆ ತಿರುಗಿಸಿ ಒಂದರ ಮೇಲೊಂದು ಪೇರಿಸಿದರೆ, ಸಂಗಾತಿ ಇದ್ದಲ್ಲಿ ಒಂದು ಚುಕ್ಕೆ ಮೂಡುತ್ತದೆ. ಹೇಳುವುದಕ್ಕೆ ಮೂರು ವಾಕ್ಯ, ಮಾಡುವುದಕ್ಕೆ ತಿಂಗಳುಗಟ್ಟಲೆ.

ಈ ಕೆಲಸ ಮಾಡುತ್ತಿದ್ದವರು ಕಂಕನಾಡಿಯ ಒಂದು ಹೈಸ್ಕೂಲಿನ ಗಣಿತದ ಟೀಚರ್. ವಯಸ್ಸು ನಲವತ್ತು ದಾಟಿತ್ತು. ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಮನೆಯವರು. ಗಂಡ ಕುವೈತಿನಲ್ಲಿ, ಅಕ್ಕಂದಿರು ನರ್ಸುಗಳು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ, ಸಿಟಿ ಬಸ್ಸಿನಲ್ಲಿ ಬಂದು, ನನ್ನ ಕೋಣೆಯ ಕಿಟಕಿ ಬದಿಯ ಕಂಪ್ಯೂಟರಿನ ಎದುರು ಸಂಜೆ ಆರರವರೆಗೆ ಕೂರುತ್ತಿದ್ದರು. ಐದು ವರ್ಷ ಒಂದು ಶನಿವಾರವನ್ನೂ ಸುಮ್ಮನೆ ಬಿಟ್ಟವರಲ್ಲ. ಹತ್ತನೇ ಕ್ಲಾಸಿನ ಪೇಪರ್ ತಿದ್ದಿಯೇ ರಿಟೈರ್ ಆಗಲಿಕ್ಕೆ ಮನಸ್ಸಿಲ್ಲ, ಒಮ್ಮೆ ಕಾಲೇಜಿನಲ್ಲಿ ನಿಂತು ಪಾಠ ಮಾಡಬೇಕು ಎನ್ನುವುದು ಅವರ ಆಸೆ. ಅದಕ್ಕೆ ಪಿಎಚ್‌ಡಿ ಬೇಕು. ಅವರ ನೋಂದಣಿಯ ಅವಧಿ ಮುಗಿಯಲು ಒಂದು ವರ್ಷ ಮಾತ್ರ ಉಳಿದಿತ್ತು. ಅದುವರೆಗೆ ಅವರು ನೋಡಿದ ಹನ್ನೊಂದು ನಕ್ಷತ್ರಗಳ ಪಕ್ಕ ಏನೂ ಸಿಕ್ಕಿರಲಿಲ್ಲ. ಇದು ಹನ್ನೆರಡನೆಯದು.

ಈಗ ನನ್ನ ಪದ್ಧತಿಯ ವಿಷಯ ಹೇಳಬೇಕು. ನಮ್ಮದು ತುಳು ಮಾತಾಡುವ ಭಟ್ಟರ ಮನೆ, ದೇವಸ್ಥಾನದ ಪೂಜೆ ನಮ್ಮ ಕುಟುಂಬದ್ದು. ಅಪ್ಪ ನಮಗೆ ಮಂತ್ರ ಹೇಳಿಕೊಡುವಾಗ ನಡುವೆ ಬೇಕೆಂದೇ ಒಂದು ಸ್ವರ ತಪ್ಪಿಸಿ ಹೇಳುತ್ತಿದ್ದರು. ಹಾಗೆಯೇ ಒಪ್ಪಿಸಿದರೆ ಕಿವಿ ಹಿಂಡುತ್ತಿದ್ದರು. ಕೇಳಿಸಿಕೊಂಡದ್ದನ್ನೆಲ್ಲ ನಂಬುವವನು ಪೂಜೆಗೆ ನಾಲಾಯಕ್ಕು ಎನ್ನುವುದು ಅವರ ವಾದ. ಅಣ್ಣ ಹಾಗೆಯೇ ಕಲಿತು ಅರ್ಚಕನಾದ. ನಾನು ಅದೇ ವಿದ್ಯೆಯನ್ನು ಪ್ರಯೋಗಾಲಯಕ್ಕೆ ತಂದೆ. ನನ್ನ ಪ್ರತಿಯೊಬ್ಬ ವಿದ್ಯಾರ್ಥಿಯ ಚಿತ್ರಗಳಲ್ಲಿ, ಅವರಿಗೆ ಹೇಳದೆ, ಒಮ್ಮೆ ಕಂಪ್ಯೂಟರಿನಲ್ಲಿ ಮಾಡಿದ ಒಂದು ಹುಸಿ ಚುಕ್ಕೆ ಇಡುತ್ತಿದ್ದೆ. ಚುಕ್ಕೆ ಇಟ್ಟು ಪರೀಕ್ಷಿಸುವುದು ಈ ವೃತ್ತಿಯಲ್ಲಿ ಎಲ್ಲರೂ ಮಾಡುವ ಕೆಲಸವೇ. ಹೇಳದೆ ಇಡುವುದು ಮಾತ್ರ ನನ್ನದು. ಇಟ್ಟ ಜಾಗವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಅವರು ಹುಡುಕಿ ತಂದರೆ ಅದೇ ದಿನ ನಿಜ ಹೇಳಿ ಚಹಾ ಕುಡಿಸುತ್ತಿದ್ದೆ.

ಹನ್ನೊಂದು ನಕ್ಷತ್ರದವರೆಗೆ ಬಿಟ್ಟಿದ್ದ ಟೀಚರಿಗೂ ಹನ್ನೆರಡನೆಯದರಲ್ಲಿ ಇಟ್ಟೆ. ಉತ್ತರದಿಂದ ಪೂರ್ವಕ್ಕೆ ಐವತ್ತೈದು ಡಿಗ್ರಿ ಎಂದು ಬರೆದುಕೊಂಡೆ. ಆಕಾಶದ ಚಿತ್ರದಲ್ಲಿ ಉತ್ತರ ಮೇಲೆ, ಪೂರ್ವ ಎಡಗಡೆ. ನೆಲದ ನಕ್ಷೆಗೆ ಉಲ್ಟಾ. ಅಂದರೆ ನನ್ನ ಚುಕ್ಕೆ ಎಡಗಡೆ ಮೇಲೆ ಬರಬೇಕು. ಚಿತ್ರಗಳನ್ನು ಪೆನ್‌ಡ್ರೈವಿಗೆ ಹಾಕಿ ಕೊಟ್ಟೆ.

ಆರು ವಾರದ ನಂತರ ಒಂದು ಶನಿವಾರ ಟೀಚರ್ ಪ್ರಿಂಟ್ ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದರು. ಎಡಗಡೆ ಮೇಲೆ ಒಂದು ಚುಕ್ಕೆ. ನಲವತ್ತೆಂಟು ಡಿಗ್ರಿ ಎಂದು ಅಳೆದಿದ್ದರು. ಬಲಗಡೆಯೂ ಒಂದು ಉಂಟು, ಆದರೆ ಅದು ಚುಕ್ಕೆಯ ಹಾಗಿಲ್ಲ, ಹೆಬ್ಬೆರಳಲ್ಲಿ ಒರೆಸಿದ ಹಾಗೆ ಉದ್ದಕ್ಕೆ ಹರಡಿದೆ, ಅದೆಂತ ಅಂತ ಅರ್ಥ ಆಗಲಿಲ್ಲ ಎಂದರು.

ನಾನು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಉತ್ತರ ಚಂದದ್ದಲ್ಲ. ಮೂರು ವಾರದಲ್ಲಿ ಅವರ ಪ್ರಗತಿ ಪರಿಶೀಲನೆಯ ಸಭೆ ಇತ್ತು. ಹೊರಗಿನ ವಿಶ್ವವಿದ್ಯಾಲಯದಿಂದ ಒಬ್ಬ ಪ್ರೊಫೆಸರು ಸದಸ್ಯರಾಗಿ ಬರುವವರಿದ್ದರು, ಹೆಸರಿರುವ ಮನುಷ್ಯ. ಅವರ ಮುಂದೆ ನನ್ನ ಪದ್ಧತಿಯ ಕಟ್ಟುನಿಟ್ಟು ತೋರಿಸಬೇಕೆಂಬ ಚಪಲ ಹತ್ತಿತು. ಅಳತೆಯನ್ನು ಇನ್ನಷ್ಟು ಗಟ್ಟಿ ಮಾಡಿಕೊಂಡು ಸಭೆಯಲ್ಲಿ ನೀವೇ ತೋರಿಸಿ ಎಂದು ಟೀಚರಿಗೆ ಹೇಳಿದೆ. ಅವರು ಮೂರು ವಾರ ಶಾಲೆಗೆ ರಜೆ ಹಾಕಿ ಹಾಕಿ ಬಂದರು. ಒಂದು ದಿನ ಮನೆಯಲ್ಲಿ ಮಾಡಿದ ಪತ್ರೊಡೆ ತಂದುಕೊಟ್ಟರು. ಕುವೈತಿಗೆ ಫೋನ್ ಮಾಡಿ ಗಂಡನಿಗೂ ಹೇಳಿದ್ದರಂತೆ. ನಾನು ಪತ್ರೊಡೆಯನ್ನು ಎರಡೆರಡು ಸಲ ಹಾಕಿಸಿಕೊಂಡು ತಿಂದೆ.

ಸಭೆಯಲ್ಲಿ ಎಂಟು ಜನ ಇದ್ದೆವು. ಮೇಜಿನ ಮೇಲೆ ಗೋಳಿಬಜೆ, ಚಹಾ. ಟೀಚರ್ ಹೆದರಿಕೊಂಡೇ ಶುರು ಮಾಡಿ, ಆಮೇಲೆ ಚೆನ್ನಾಗಿಯೇ ಹೇಳಿದರು. ಚುಕ್ಕೆಯ ಚಿತ್ರ ಪರದೆಯ ಮೇಲೆ ಬಂದಾಗ ಹೊರಗಿನ ಸದಸ್ಯರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಆಗ ನಾನು ಎದ್ದು ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟೆ. "ಇದು ನಾನು ಇಟ್ಟ ಚುಕ್ಕೆ" ಎಂದೆ.

ಹೊರಗಿನ ಸದಸ್ಯರು ಜೋರಾಗಿ ನಕ್ಕರು, ಅವರು ನಕ್ಕದ್ದು ನೋಡಿ ಎಲ್ಲರೂ ನಕ್ಕರು. ಟೀಚರ್ ಮಾತ್ರ ಕೈಚೀಲವನ್ನು ಎದೆಗೆ ಹಿಡಿದು ಹಾಗೆಯೇ ನಿಂತಿದ್ದರು. ನೀವು ಎಷ್ಟು ಡಿಗ್ರಿಗೆ ಇಟ್ಟದ್ದು ಸರ್ ಎಂದು ಮೆಲ್ಲ ಕೇಳಿದರು. ಐವತ್ತೈದು ಎಂದೆ.

"ನನಗೆ ನಲವತ್ತೆಂಟು ಬಂದದ್ದು ಸರ್. ನಾಲ್ಕು ಸಲ ಅಳೆದಿದ್ದೇನೆ."

"ಅದನ್ನೇ ನಾನು ಹೇಳುವುದು ಟೀಚರ್. ಇಲ್ಲದ್ದನ್ನು ಹುಡುಕಿದ್ದೀರಿ, ಅದನ್ನೂ ಏಳು ಡಿಗ್ರಿ ತಪ್ಪಿ ಅಳೆದಿದ್ದೀರಿ."

ಮತ್ತೆ ನಗು. ಬಲಗಡೆಯ ಆ ಒರೆಸಿದ ಗುರುತನ್ನು ಒಮ್ಮೆ ನೋಡಿ ಸರ್ ಎಂದರು. ಒಂದು ಸಾಲದಾ ನಿಮಗೆ ಎಂದು ನಾನು ಕೇಳಿದೆ. ಹೊರಗಿನ ಸದಸ್ಯರಿಗೆ ಈ ಮಾತು ಎಷ್ಟು ಹಿಡಿಸಿತು ಎಂದರೆ ಅವರ ಚಹಾ ಚೆಲ್ಲಿತು.

ಇಲ್ಲಿ ನಿಲ್ಲಿಸಿ ಒಂದು ಮಾತು ಹೇಳುತ್ತೇನೆ. ಆ ಏಳು ಡಿಗ್ರಿ ಸಾಕಿತ್ತು. ಹೊಸದಾಗಿ ಸೇರಿದ ವಿದ್ಯಾರ್ಥಿ ಕೂಡ ಅಷ್ಟು ದೊಡ್ಡ ತಪ್ಪು ಮಾಡುವುದಿಲ್ಲ, ಐದು ವರ್ಷ ಅಳತೆಯಲ್ಲೇ ಪಳಗಿದ ಗಣಿತದ ಟೀಚರ್ ಮಾಡುತ್ತಾರಾ? ಬೇರೆ ಯಾರ ಕೆಲಸದಲ್ಲಾದರೂ ಅಷ್ಟು ವ್ಯತ್ಯಾಸ ಕಂಡಿದ್ದರೆ ಯಾಕೆಂದು ನಾನು ಬೆನ್ನುಹತ್ತುತ್ತಿದ್ದೆ. ಆ ದಿನ ನನಗೆ ಅಳತೆ ಬೇಕಾಗಿರಲಿಲ್ಲ, ನಗು ಬೇಕಾಗಿತ್ತು.

ಮುಂದಿನ ವಾರ ಟೀಚರ್ ಬಂದದ್ದು ನೋಂದಣಿ ಬಿಟ್ಟುಕೊಡುವ ಪತ್ರದೊಂದಿಗೆ. ಆರೋಗ್ಯದ ಕಾರಣ ಎಂದು ಬರೆದಿದ್ದರು. ಇಷ್ಟಕ್ಕೆಲ್ಲ ಬೇಜಾರು ಮಾಡಿಕೊಂಡರೆ ಹೇಗೆ ಮಾರಾಯ್ತಿ, ವಿಜ್ಞಾನಕ್ಕೆ ದಪ್ಪ ಚರ್ಮ ಬೇಕು ಎಂದು ಉಪದೇಶ ಮಾಡಿದೆ. ಹೌದು ಸರ್ ಎಂದರು. ನಾನು ಸಹಿ ಹಾಕಿದೆ. ಅವರು ಹೋದ ಮೇಲೆ, ತಡೆಯಲಾರದವರು ಯಾಕೆ ಬರುತ್ತಾರೋ ಎಂದು ಪಕ್ಕದ ಕೋಣೆಯವರಲ್ಲಿ ಹೇಳಿದ್ದು ನೆನಪಿದೆ.

ಎಂಟು ತಿಂಗಳು ಕಳೆಯಿತು. ಎಂಎಸ್ಸಿ ಮಕ್ಕಳಿಗೆ ಹುಸಿ ಚುಕ್ಕೆಯ ಪಾಠ ಮಾಡಬೇಕಿತ್ತು. ತರಗತಿಯಲ್ಲಿ ತೋರಿಸಲು ಒಂದು ಸಾಲು ಖಾಲಿ ಚಿತ್ರಗಳ ಮೇಲೆ ಚುಕ್ಕೆ ಇಡುವ ನನ್ನ ಪ್ರೋಗ್ರಾಮನ್ನು ಓಡಿಸಿದೆ. ಕೋನಕ್ಕೆ ಮೂವತ್ತು ಎಂದು ಕೊಟ್ಟು, ತಿರುಗಿಸಿ ಪೇರಿಸಿದೆ. ಎಡಗಡೆ ಬರಬೇಕಾದದ್ದು ಬಲಗಡೆ ಬಂತು. ಅದೂ ಚುಕ್ಕೆಯಾಗಿ ಬರಲಿಲ್ಲ, ಉದ್ದಕ್ಕೆ ಒರೆಸಿದ ಗುರುತಾಗಿ ಬಂತು.

ಮಕ್ಕಳನ್ನು ಬೇಗ ಬಿಟ್ಟು ಬಾಗಿಲು ಹಾಕಿಕೊಂಡೆ. ಟೀಚರ ಚಿತ್ರಗಳಲ್ಲಿ ಚುಕ್ಕೆ ಇಡುವ ಸ್ವಲ್ಪ ಮೊದಲು ನಾನು ಹಳೆಯ ಪ್ರೋಗ್ರಾಮನ್ನು ಹೊಸ ಕಂಪ್ಯೂಟರ್ ಭಾಷೆಗೆ ತಿರುಗಿಸಿ ಬರೆದಿದ್ದೆ. ಒಂದು ಸಾಲಿನಲ್ಲಿ ಮೈನಸ್ ಗುರುತು ಬಿಟ್ಟುಹೋಗಿತ್ತು. ಅದರಿಂದ ಎಡ ಬಲವಾಗಿತ್ತು, ತಿರುಗುವ ದಿಕ್ಕೂ ಅದಲು ಬದಲಾಗಿತ್ತು. ಆಕಾಶ ಒಂದು ಕಡೆ ತಿರುಗಿದರೆ ನನ್ನ ಚುಕ್ಕೆ ಇನ್ನೊಂದು ಕಡೆ ತಿರುಗಿ, ಪೇರಿಸುವಾಗ ಒಂದೆಡೆ ಕೂಡದೆ ಹರಡಿಹೋಗಿತ್ತು. ಹೊಸದಾಗಿ ಬರೆದದ್ದನ್ನು ನಾನು ಒಮ್ಮೆಯೂ ಪರೀಕ್ಷೆ ಮಾಡಿರಲಿಲ್ಲ. ಹುಸಿ ಚುಕ್ಕೆ ಇಟ್ಟು ಊರವರನ್ನೆಲ್ಲ ಪರೀಕ್ಷೆ ಮಾಡುತ್ತಿದ್ದವನು ನಾನು.

ಟೀಚರ ನಕ್ಷತ್ರದ ಮೂಲ ಚಿತ್ರಗಳನ್ನು, ನಾನು ಕೈ ಹಾಕದವನ್ನು, ಮತ್ತೆ ಇಳಿಸಿದೆ. ಅವರು ಮಾಡಿದ ಹಾಗೆಯೇ ಕಳೆದು, ತಿರುಗಿಸಿ, ಪೇರಿಸಿದೆ. ಬಲಗಡೆಯ ಗುರುತು ಇರಲಿಲ್ಲ. ಎಡಗಡೆಯ ಚುಕ್ಕೆ ಇತ್ತು. ಅಳೆದೆ. ನಲವತ್ತೆಂಟು ಡಿಗ್ರಿ.

ಇನ್ನೂ ಒಂದು ಅನುಮಾನ ಉಳಿದಿತ್ತು. ಬಹಳ ದೂರದ ಬೇರೆ ಯಾವುದೋ ನಕ್ಷತ್ರ ಸುಮ್ಮನೆ ಅದೇ ದಿಕ್ಕಿನಲ್ಲಿ ಕಾಣುತ್ತಿರಬಹುದು. ಅದಕ್ಕೆ ಒಂದೇ ಪರೀಕ್ಷೆ. ನಮಗೆ ಹತ್ತಿರದ ಕೆಂಪು ಕುಬ್ಜ ವರ್ಷದಿಂದ ವರ್ಷಕ್ಕೆ ಆಕಾಶದಲ್ಲಿ ಚೂರು ಚೂರು ಸರಿಯುತ್ತದೆ. ಸಂಗಾತಿಯಾದರೆ ಜೊತೆಗೇ ಸರಿಯಬೇಕು, ದೂರದ್ದಾದರೆ ಹಿಂದೆ ಉಳಿಯಬೇಕು. ಮೊದಲ ಚಿತ್ರಗಳಾಗಿ ಮೂರು ವರ್ಷದ ನಂತರ ಅದೇ ದೂರದರ್ಶಕ ತೆಗೆದ ಇನ್ನೊಂದು ಸಾಲು ಚಿತ್ರ ಆಗಷ್ಟೇ ಎಲ್ಲರಿಗೂ ತೆರೆದಿತ್ತು. ಎರಡು ವಾರ ಅದರ ಮೇಲೆ ಕೂತೆ. ದೇವರೇ, ಇದು ಹಿಂದೆ ಉಳಿಯಲಿ ಎಂದು ಬೇಡಿಕೊಂಡು ಅಳೆದ ಖಗೋಳ ವಿಜ್ಞಾನಿ ಬೇರೆ ಯಾರಾದರೂ ಇದ್ದಾರೋ ಗೊತ್ತಿಲ್ಲ. ಚುಕ್ಕೆ ಹಿಂದೆ ಉಳಿಯಲಿಲ್ಲ. ನಕ್ಷತ್ರದ ಕೈ ಹಿಡಿದ ಹಾಗೆ ಜೊತೆಗೇ ಸರಿದಿತ್ತು. ಬೆಳಕನ್ನೂ ವಯಸ್ಸನ್ನೂ ಕೂಡಿಸಿ ನೋಡಿದರೆ ಗುರುಗ್ರಹದ ಮೂವತ್ತು ಪಟ್ಟು ಆಸುಪಾಸಿನ ತೂಕ. ನಕ್ಷತ್ರ ಆಗಲಾರದ, ಗ್ರಹ ಎನ್ನಲೂ ಆಗದ, ಕಂದು ಕುಬ್ಜ ಎಂದು ಕರೆಯುವ ಜಾತಿ. ಟೀಚರ್ ಹುಡುಕಿದ್ದು ನಿಜವಾದ ಸಂಗಾತಿಯನ್ನು.

ನಾನು ಒಳ್ಳೆಯವನೆಂದು ಯಾರೂ ತಿಳಿಯಬಾರದು. ಮೊದಲ ಎರಡು ದಿನ ನಾನು ಬರೆದ ಕರಡು ಪ್ರಬಂಧದಲ್ಲಿ ಲೇಖಕನ ಜಾಗದಲ್ಲಿ ನನ್ನ ಹೆಸರು ಒಂದೇ ಇತ್ತು. ಅವರು ಬಿಟ್ಟುಹೋದವರು, ಎರಡನೆಯ ಸಾಲಿನ ಚಿತ್ರ ನೋಡಿದ್ದು ನಾನು, ನಿರ್ಧಾರ ಮಾಡಿದ್ದು ನಾನು ಎಂದೆಲ್ಲ ವಾದ ಹೂಡಿಕೊಂಡೆ. ಮೂರನೆಯ ದಿನ ಅವರ ಹೆಸರನ್ನು ಮೊದಲು ಹಾಕಿ, ನನ್ನದನ್ನು ಆಮೇಲೆ ಹಾಕಿ, ಪ್ರಿಂಟ್ ತೆಗೆದು ಕಂಕನಾಡಿಗೆ ಬಸ್ಸು ಹತ್ತಿದೆ. ಮಹಾ ಔದಾರ್ಯ ಮಾಡುತ್ತಿದ್ದೇನೆಂದು ದಾರಿಯುದ್ದಕ್ಕೂ ಅನಿಸುತ್ತಿತ್ತು. ನೋಂದಣಿ ಮತ್ತೆ ಜೀವಂತ ಮಾಡಲು ಆಗುತ್ತದೋ ಎಂದು ವಿಶ್ವವಿದ್ಯಾಲಯದಲ್ಲಿ ಮೊದಲೇ ವಿಚಾರಿಸಿದ್ದೆ. ಬಿಟ್ಟುಕೊಟ್ಟದ್ದು ಬಿಟ್ಟುಕೊಟ್ಟದ್ದೇ, ಬೇಕಿದ್ದರೆ ಮೊದಲಿನಿಂದ ಅರ್ಜಿ ಹಾಕಲಿ ಎಂದಿದ್ದರು.

ಸ್ಟಾಫ್‌ರೂಮಿನಲ್ಲಿ ಟೀಚರ್ ಒಬ್ಬರೇ ಉತ್ತರಪತ್ರಿಕೆ ತಿದ್ದುತ್ತಿದ್ದರು. ಎದ್ದು ನಿಂತು, ಕುರ್ಚಿ ಎಳೆದು ಕೊಟ್ಟರು. ನಾನು ಎಲ್ಲವನ್ನೂ ಹೇಳಿದೆ: ಮೈನಸ್ ಗುರುತು, ಬಲಗಡೆಯ ಕಲೆ, ಎರಡನೆಯ ಸಾಲು. ಅವರು ಪೆನ್ನಿನ ಮುಚ್ಚಳ ಹಾಕಿ ಕೇಳಿದರು. ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ.

"ಅದು ನನಗೆ ಆವತ್ತೇ ಗೊತ್ತಾಗಿದೆ ಸರ್" ಎಂದರು. "ಮೀಟಿಂಗ್ ಮುಗಿಸಿ ಮನೆಗೆ ಹೋಗಿ ಒರಿಜಿನಲ್ ಇಳಿಸಿ ನೋಡಿದೆ. ಎಡಗಡೆಯದ್ದು ಉಂಟು, ಬಲಗಡೆಯದ್ದು ಇಲ್ಲ. ಅಷ್ಟೇ ಅಲ್ವಾ."

ಮತ್ತೆ ಎಂತಕ್ಕೆ ಹೇಳಲಿಲ್ಲ ಎಂದೆ.

"ಸೋಮವಾರ ಹೇಳ್ಲಿಕ್ಕೆ ಬಂದಿದ್ದೆ. ನೀವು ಒಳಗೆ ಯಾರಿಗೋ ಅದೇ ಕಥೆ ಹೇಳ್ತಾ ಇದ್ರಿ. ನಾನು ಚೀಲ ಹಿಡ್ಕೊಂಡು ಹೇಗೆ ನಿಂತಿದ್ದೆ ಅಂತ ಎದ್ದು ನಿಂತು ಮಾಡಿ ತೋರಿಸ್ತಾ ಇದ್ರಿ. ನಾನು ಬಾಗಿಲಲ್ಲೇ ಇದ್ದೆ."

"ಒಂದು ಮಾತು ಹೇಳಿದ್ರೆ ನಿಮಗೆ ಡಿಗ್ರಿ ಸಿಗ್ತಿತ್ತಲ್ಲ ಟೀಚರ್."

"ಸಿಗ್ತಿತ್ತು. ಆದರೆ ಅದಕ್ಕೆ ಇನ್ನೂ ಆರು ತಿಂಗಳು ಪ್ರತಿ ಶನಿವಾರ ನಿಮ್ಮ ಎದುರು ಕೂರ್ಬೇಕಿತ್ತು. ನನ್ನಿಂದ ಆಗ್ಲಿಲ್ಲ ಸರ್."

ಇದನ್ನು ಅವರು ಸಿಟ್ಟಿನಲ್ಲಿ ಹೇಳಿದ್ದಲ್ಲ. ಬಸ್ಸು ತಪ್ಪಿತು ಎನ್ನುವ ಹಾಗೆ ಹೇಳಿದರು. ನಾನು ಪ್ರಿಂಟನ್ನು ಅವರ ಮುಂದಿಟ್ಟು ಮೊದಲ ಹೆಸರು ನಿಮ್ಮದೇ ಎಂದು ತೋರಿಸಿದೆ. ಅವರು ಮುಟ್ಟಲಿಲ್ಲ. ನಿಮ್ಮ ಹೆಸರಿನ ಪಕ್ಕದಲ್ಲಿ ನನ್ನ ಹೆಸರು ಬೇಡ, ಕೃತಜ್ಞತೆಯ ಸಾಲಿನಲ್ಲಿಯೂ ಬೇಡ, ನೀವೇ ಹಾಕಿಕೊಳ್ಳಿ ಎಂದರು. ಮತ್ತೆ ಪೆನ್ನು ತೆಗೆದುಕೊಂಡು ತಿದ್ದಲು ಶುರು ಮಾಡಿದರು. ನಾನು ಇನ್ನೂ ಕೂತಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಅವರ ಪೀರಿಯಡ್ಡಿನ ಗಂಟೆ ಹೊಡೆಯಿತು, ಬರ್ತೇನೆ ಸರ್ ಎಂದು ಎದ್ದು ಹೋದರು.

ನಾನು ಅವರ ಮಾತು ಕೇಳಲಿಲ್ಲ. ಅವರ ಹೆಸರು ಮೊದಲು ಇಟ್ಟೇ ಪತ್ರಿಕೆಗೆ ಕಳಿಸಿದೆ. ಅವರು ಮುನಿಸಿನಲ್ಲಿ ಹೇಳಿದ್ದು, ಅಚ್ಚಾಗಿ ಬಂದರೆ ಖುಷಿಯಾಗುತ್ತದೆ ಎಂದು ನಾನೇ ತೀರ್ಮಾನಿಸಿದ್ದೆ. ಅವರ ಬಗ್ಗೆ ತೀರ್ಮಾನ ಮಾಡುವ ಚಟ ಇನ್ನೂ ಹೋಗಿರಲಿಲ್ಲ ನೋಡಿ. ಈ ಪತ್ರಿಕೆಗಳು ಪ್ರತಿಯೊಬ್ಬ ಲೇಖಕರಿಗೂ ಬೇರೆ ಬೇರೆ ಇಮೇಲ್ ಕಳಿಸಿ, ಇದರಲ್ಲಿ ನೀವು ಲೇಖಕರು ಹೌದೋ ಎಂದು ಕೇಳುತ್ತವೆ. ಹೌದು ಎಂದೋ ಅಲ್ಲ ಎಂದೋ ಒತ್ತಬೇಕು. ನಾಲ್ಕನೆಯ ದಿನ ಸಂಪಾದಕರಿಂದ ನನಗೆ ಪತ್ರ ಬಂತು: ನಿಮ್ಮ ಮೊದಲ ಲೇಖಕರು ತಾನು ಲೇಖಕಿ ಅಲ್ಲ ಎಂದಿದ್ದಾರೆ, ದಯವಿಟ್ಟು ವಿವರಣೆ ಕೊಡಿ. ನಾನು ನಾಲ್ಕು ಸಲ ವಿವರಣೆ ಬರೆದು ನಾಲ್ಕು ಸಲವೂ ಅಳಿಸಿದೆ. ಕೊನೆಗೆ ಅವರ ಹೆಸರು ತಪ್ಪಾಗಿ ಸೇರಿತ್ತು ಎಂದು ಒಂದು ಸಾಲು ಬರೆದು, ಹೆಸರು ತೆಗೆದು ಕಳಿಸಿದೆ. ಪ್ರಬಂಧ ಒಪ್ಪಿಗೆಯಾಯಿತು. ಅಚ್ಚಾಯಿತು. ಆ ಎಳೆಯ ಕೆಂಪು ಕುಬ್ಜಕ್ಕೆ ಒಂದು ಸಂಗಾತಿ ಉಂಟೆಂದು ಈಗ ಲೋಕಕ್ಕೆ ಗೊತ್ತು, ಅದನ್ನು ಹುಡುಕಿದವನು ನಾನು ಎಂದು ಕೂಡ.

ಕಾಲೇಜಿನವರು ಸನ್ಮಾನ ಇಟ್ಟುಕೊಂಡರು. ಶಾಲು, ಹಣ್ಣಿನ ಬುಟ್ಟಿ, ಸ್ಮರಣಿಕೆ. ಬಿಜೈಯ ಮನೆಯಿಂದ ಹೆಂಡತಿ, ದೇವಸ್ಥಾನದ ಕೆಲಸ ಬಿಟ್ಟು ಅಣ್ಣ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಅತಿಥಿಯಾಗಿ ಬಂದದ್ದು ಅದೇ ಹೊರಗಿನ ಸದಸ್ಯರು. ಈ ಪ್ರಬಂಧದ ನಕ್ಷತ್ರ ಟೀಚರ ನಕ್ಷತ್ರವೇ ಎನ್ನುವುದು ಅವರ ಗಮನದಲ್ಲೇ ಇರಲಿಲ್ಲ. ನನ್ನ ಕಟ್ಟುನಿಟ್ಟಿಗೆ ಉದಾಹರಣೆ ಕೊಡುತ್ತೇನೆಂದು ಮೈಕಿನಲ್ಲಿ ಟೀಚರ ಕಥೆ ಹೇಳಿದರು. ಇವರು ಇಟ್ಟ ಚುಕ್ಕೆಯನ್ನು ಒಬ್ಬರು ಮೇಡಂ ಹೊಸ ಲೋಕ ಅಂತ ತಂದು ತೋರಿಸಿದರು, ಅದನ್ನೂ ಏಳು ಡಿಗ್ರಿ ತಪ್ಪಿ ಅಳೆದಿದ್ದರು ಎಂದರು. ಸಭಾಂಗಣ ಪೂರ್ತಿ ನಕ್ಕಿತು. ಹಿಂದಿನ ಸಾಲಿನ ಮಕ್ಕಳು ಚಪ್ಪಾಳೆ ತಟ್ಟಿದರು.

ಅದಾದ ಮೇಲೆ ಮೈಕು ನನ್ನ ಕೈಗೆ ಬಂತು. ಪ್ರಾಂಶುಪಾಲರಿಗೆ, ಲೈಬ್ರರಿಯವರಿಗೆ, ಕಂಪ್ಯೂಟರ್ ನೋಡಿಕೊಳ್ಳುವವರಿಗೆ, ಮನೆಯವರಿಗೆ ಧನ್ಯವಾದ ಹೇಳಿದೆ. ಒಂದು ಕ್ಷಣ ನಿಲ್ಲಿಸಿದೆ ಕೂಡ. ಹೆಸರು ಬೇಡ ಎಂದು ಅವರೇ ಹೇಳಿದ್ದಾರಲ್ಲ ಎಂದು ನನಗೆ ನಾನೇ ಹೇಳಿಕೊಂಡು ಶಾಲು ಸರಿಮಾಡಿ ಕೂತೆ. ಅವರು ಬೇಡ ಎಂದದ್ದು ಹೆಸರನ್ನು. ನಿಜ ಹೇಳಬೇಡಿ ಎಂದು ಅವರು ಎಲ್ಲಿಯೂ ಹೇಳಿರಲಿಲ್ಲ.